ಕೊನೆಯ ಮನೆಯಿಂದ ಹಿಂದಕ್ಕೆ

ಭಾವನ ಸಂದರ್ಶನ ಹತ್ತಕ್ಕೆ, ಅವನದು ಹನ್ನೊಂದಕ್ಕೆ. ಕಂಪನಿ ಒಂದೇ, ಕೋಣೆ ಒಂದೇ, ಹುದ್ದೆಯೂ ಒಂದೇ. ಭಾವ, ಅಂದರೆ ಅಕ್ಕನ ಗಂಡ, ಕೆಲಸ ಕಳೆದುಕೊಂಡು ಏಳು ತಿಂಗಳಾಗಿತ್ತು. ಅವನಿಗೆ ಕೋಡ್ ಬರೆಯಲು ಕೈಹಿಡಿದು ಕಲಿಸಿದವನೂ ಈ ಭಾವನೇ. "ಸೋತವರು ಒಂದು ವಾರ ಪಾತ್ರೆ ತೊಳೀಬೇಕು," ಎಂದು ನಗಿಸಿ ಅಕ್ಕ ಇಬ್ಬರನ್ನೂ ಕಳಿಸಿದ್ದಳು.

ಹೊರಬಂದಾಗ ಭಾವನ ಕಂಕುಳು ಒದ್ದೆಯಾಗಿತ್ತು.

"ಏನು ಕೇಳಿದ್ರು ಭಾವ?"

"ಹೇಳಬಾರದು ಅಂತ ಸಹಿ ಹಾಕಿಸ್ಕೊಂಡಿದಾರೆ ಕಣೋ. ನನ್ನ ತಲೆಗೆ ತುಕ್ಕು ಹಿಡಿದಿದೆ. ನೀನು ಹೋಗು, ಹೆದರಬೇಡ."

ಒಳಗೆ ಸಂದರ್ಶಕಿ ಪ್ರಶ್ನೆ ಓದಿದಳು. ಚೌಕ ಚೌಕವಾದ ಬೀದಿಗಳ ಊರು. ಕೆಲವು ಬೀದಿಗಳಲ್ಲಿ ಬ್ಯಾಟರಿ ಗಾಡಿಯ ಚಾರ್ಜ್ ಇಳಿಯುತ್ತದೆ, ಕೆಲವು ಕಡೆ ತುಂಬಿಕೊಳ್ಳಬಹುದು. ಕೊನೆಯ ಮನೆ ಮುಟ್ಟಲು ಹೊರಡುವಾಗ ಕನಿಷ್ಠ ಎಷ್ಟು ಚಾರ್ಜ್ ಇರಬೇಕು?

"ಈ ಪ್ರಶ್ನೆ ಮೊದಲೇ ನೋಡಿದ್ದೀರಾ?"

"ಇಲ್ಲ."

ಅದು ನಿಜವೇ. ಆದರೆ ಬೋರ್ಡಿನತ್ತ ತಿರುಗಿದವನು ಒಂದು ಕ್ಷಣ ಪೆನ್ ಹಿಡಿದೇ ನಿಂತ. ಯಾರೋ ಅವಸರದಲ್ಲಿ ಒರೆಸಿದ್ದ ಬೋರ್ಡಿನ ಮೇಲೆ ನಸುನೀಲಿ ಗೆರೆಗಳು ಉಳಿದಿದ್ದವು. ಎಡಕ್ಕೆ ವಾಲುವ ಭಾವನ ಆ ಅಕ್ಷರ ಅವನು ಮರೆಯುವಂಥದ್ದೇ ಅಲ್ಲ. ಬಾಣಗಳೆಲ್ಲ ಕೊನೆಯ ಮನೆಯಿಂದ ಹಿಂದಕ್ಕೆ ಬರುತ್ತಿದ್ದವು. ಮೂರನೆಯ ಸಾಲಿಗೆ ನಿಂತಿದ್ದವು. ಅವನು ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡ, ಯೋಚಿಸುವವನ ಹಾಗೆ. ಆಮೇಲೆ ಆ ಗೆರೆಗಳನ್ನು ಅಂಗೈಯಿಂದ ಚೆನ್ನಾಗಿ ಒರೆಸಿ, ಹಿಂದಿನಿಂದ ಶುರುಮಾಡಿ, ನಾಲ್ಕನೆಯ ಸಾಲನ್ನೂ ಬರೆದ.

ಬಸ್ಸಿನಲ್ಲಿ ಭಾವ ತಡೆಯಲಾರದೆ ಕೇಳಿದ. "ಮುಗೀತಲ್ಲ, ಇನ್ನು ಹೇಳಬಹುದು. ನಿಂಗೂ ಗಾಡಿ ಪ್ರಶ್ನೆನಾ? ನಾನು ಕೊನೆಯಿಂದ ಹಿಡಿದೆ, ಸಮಯ ಸಾಲಲಿಲ್ಲ. ದಾರಿ ಸರಿ ಇತ್ತಾ?"

ಸರಿ ಎಂದರೆ, ನಿಂಗೆ ಹೇಗೆ ಹೊಳೀತು ಎಂದು ಕೇಳುತ್ತಾನೆ. ಆಗ ಬೋರ್ಡಿನ ಮೇಲಿದ್ದ ಗೆರೆಗಳ ಮಾತು ಹೇಳಬೇಕಾಗುತ್ತದೆ.

"ಇಲ್ಲ ಭಾವ. ಮೊದಲಿಂದ ಹೊರಡಬೇಕು."

"ಹೌದಾ," ಎಂದ ಭಾವ. ಕಿಟಕಿಯ ಕಡೆ ನೋಡುತ್ತ ಇನ್ನೊಮ್ಮೆ, "ಹೌದಾ."

ವಾರದ ಮೇಲೆ ಕೆಲಸ ಅವನಿಗೇ ಸಿಕ್ಕಿತು. ತನ್ನ ದಾರಿಯೇ ಸರಿಯಿತ್ತೇನೋ ಎಂಬ ಅನುಮಾನ ಭಾವನ ಮನಸ್ಸಿನಲ್ಲಿ ಉಳಿದಿದ್ದರೆ ಅದೂ ಅಲ್ಲಿಗೆ ಹೋಯಿತು. ಸೋತ ಭಾವ ಪಾತ್ರೆಯನ್ನೂ ತೊಳೆದ, ಸಿಳ್ಳೆ ಹಾಕಿಕೊಂಡೇ.

ತಿಂಗಳು ಕಳೆದು ಭಾವ ಇನ್ನೊಂದು ಕಂಪನಿಗೆ ಹೋಗಿಬಂದ. ಊಟಕ್ಕೆ ಕೂತಾಗ ಹೇಳಿದ: "ನಕ್ಕುಬಿಡ್ತೀಯ ಕಣೋ. ಅದೇ ಗಾಡಿ, ಅದೇ ಬೀದಿ! ಈ ಜನಕ್ಕೆ ಬೇರೆ ಪ್ರಶ್ನೆನೇ ಇಲ್ಲ. ಕೈ ಕೊನೆಯಿಂದಲೇ ಎಳೀತಿತ್ತು. ನೀನು ಹೇಳಿದ್ದೆಯಲ್ಲ, ಮೊದಲಿಂದ ಹೊರಟೆ. ಗಂಟು ಬಿಚ್ಚಲೇ ಇಲ್ಲ. ಸಾಕು. ಇನ್ನು ಈ ಪರೀಕ್ಷೆಗಳ ಸಹವಾಸ ಬೇಡ. ಗೋದಾಮಿನಲ್ಲಿ ಲೆಕ್ಕ ಬರೆಯೋಕೆ ಕರೀತಿದಾರೆ, ಹೋಗ್ತೀನಿ."

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. "ಭಾವ, ನಿಮ್ಮ ದಾರಿನೇ ಸರಿ ಇತ್ತು."

ಭಾವ ತಲೆಯೆತ್ತಿ ನೋಡಿ ನಕ್ಕ. "ಸಮಾಧಾನ ಮಾಡೋದಕ್ಕೆ ಸುಳ್ಳು ಹೇಳ್ಬೇಡ್ವೋ. ನಾನೇನು ಚಿಕ್ಕ ಮಗುನಾ?"

"ನಿಜವಾಗ್ಲೂ ಭಾವ, ಅವತ್ತು ನಾನು..."

"ಬಿಡೋ," ಎಂದಳು ಅಕ್ಕ. ಅವಳ ಕಣ್ಣು ತುಂಬಿತ್ತು. ತಮ್ಮನ ಮನಸ್ಸು ಎಷ್ಟು ಒಳ್ಳೆಯದು ಎಂಬಂತೆ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಅವನು ತಲೆ ತಗ್ಗಿಸಿ ಅದನ್ನೂ ಉಂಡ.