ಬಸಗೊಂಡಪ್ಪನ ಎಡಗೈ

ಬಸಗೊಂಡಪ್ಪ ನಡೆದು ಬಂದರೆ ಸಾವಳಗಿಯ ದಾರಿ ಕಿರಿದಾಗುತ್ತಿತ್ತು. ಎರಡೂ ತೋಳುಗಳನ್ನು ಬೀಸಿಕೊಂಡು, ಎದುರಾದವರು ತಾವಾಗಿಯೇ ಬದಿಗೆ ಸರಿಯುವಂತೆ ಅವನು ಬರುತ್ತಿದ್ದ ಆ ಠೀವಿಯನ್ನು ಕಂಡು ನಾನು ಮೂವತ್ತು ವರ್ಷ ಹೊಟ್ಟೆ ಉರಿಸಿಕೊಂಡಿದ್ದೇನೆ. ಇದನ್ನು ಮುಚ್ಚಿಟ್ಟು ಅವನ ವಿಷಯ ಬರೆಯುವುದು ಅಪ್ರಾಮಾಣಿಕತೆ.

ನಮ್ಮಿಬ್ಬರ ದ್ರಾಕ್ಷಿ ತೋಟಗಳ ನಡುವೆ ಒಂದು ಬದು ಮಾತ್ರ. ಅದೇ ಮಣ್ಣು, ಅದೇ ನೀರು. ಆದರೂ ಅವನ ಗೊಂಚಲುಗಳ ಕಾಂತಿ ನನ್ನವಕ್ಕೆ ಬರಲಿಲ್ಲ. ನಮ್ಮ ಕಡೆ ಎಣ್ಣೆ ಹೊಡೆಯುವುದು ಎನ್ನುವ ಔಷಧಿ ಸಿಂಪಡಣೆಯನ್ನು ಅವನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಕೀಟನಾಶಕವಿರಲಿ, ಕಳೆನಾಶಕವಿರಲಿ, ಡ್ರಮ್ಮಿನೊಳಗೆ ಮೊಣಕೈವರೆಗೆ ಬರಿಗೈ ಇಳಿಸಿ ಕಲಕುತ್ತಿದ್ದ. ಅದೇ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹೆಂಡತಿ ಗುರುಬಾಯಿ ಕಟ್ಟಿಕೊಟ್ಟ ರೊಟ್ಟಿ ಮುರಿಯುತ್ತಿದ್ದ. ನಾನೋ, ಆ ಹನಿ ತಾಗಿದರೆ ಮೈತುಂಬ ದದ್ದು ಏಳುವವನು. ಕೈಗವಸು, ಮುಖಕ್ಕೆ ಬಟ್ಟೆ, ತುಂಬುತೋಳಿನ ಅಂಗಿ ತೊಟ್ಟು ತೋಟಕ್ಕಿಳಿದರೆ ಬದುವಿನಾಚೆಯಿಂದ ಅವನ ಕೂಗು ಬರುತ್ತಿತ್ತು: “ಏನ್ಲೇ ಶಿವಯೋಗಿ, ಎಣ್ಣಿ ಹೊಡ್ಯಾಕ ಬಂದಿಯೋ, ಆಪರೇಷನ್ ಮಾಡಾಕ ಬಂದಿಯೋ?” ಆಳುಗಳೆಲ್ಲ ನಗುತ್ತಿದ್ದರು.

ಹೊಟ್ಟೆಕಿಚ್ಚಿನ ಕಣ್ಣು ಬಲು ಸೂಕ್ಷ್ಮ. ಅವನ ಎಡಗೈ ಬೀಸುವುದನ್ನು ನಿಲ್ಲಿಸಿದ್ದನ್ನು ಮೊದಲು ಕಂಡವನು ನಾನೇ, ಗುರುಬಾಯಿಯಲ್ಲ. ಬಲಗೈ ಹಳೆಯ ಗತ್ತಿನಲ್ಲಿ ತೂಗುತ್ತಿರುವಾಗ ಎಡಗೈ ಪಕ್ಕೆಗೆ ಅಂಟಿಕೊಂಡಿರುತ್ತಿತ್ತು. ಬರಬರುತ್ತ ಹೆಜ್ಜೆ ಕಿರಿದಾಯಿತು, ಬೆಳೆಗಾರರ ಸಭೆಯಲ್ಲಿ ಅವನು ಹಾಕುವ ಸಹಿ ಇರುವೆ ಸಾಲಿನಷ್ಟು ಸಣ್ಣದಾಯಿತು. ಇಡೀ ಒಂದು ಹಂಗಾಮು ನಾನು ಬಾಯಿ ಬಿಡಲಿಲ್ಲ. ಖುಷಿಯಾಗಿತ್ತು ಎನ್ನಲು ನಾಚಿಕೆ, ಆಗಿರಲಿಲ್ಲ ಎಂದರೆ ಸುಳ್ಳು.

ಅವನ ಹೆಬ್ಬೆರಳು ನಡುಗತೊಡಗಿದಾಗ ಗುರುಬಾಯಿ ನಮ್ಮ ಮನೆಗೆ ಬಂದಳು. “ಅಣ್ಣಾರ, ನೀವರ ಹೇಳ್ರಿ. ದವಾಖಾನಿಗೆ ಹೋಗೂನು ಅಂದ್ರ ನನ್ನ ಮಾತು ಕೇಳವಲ್ರು.”

ನಾನೇ ಜೊತೆಗೆ ಹೋದೆ. ಮಿರಜದ ನರರೋಗ ತಜ್ಞರು ಅವನನ್ನು ನಡೆಸಿ ನೋಡಿ, ಪಾರ್ಕಿನ್ಸನ್ ಕಾಯಿಲೆ ಎಂದರು. ಎಷ್ಟು ವರ್ಷ ಔಷಧಿ ಹೊಡೆದಿರಿ, ಕುಡಿಯುವುದು ತೋಟದ ಬಾವಿಯ ನೀರೇ ಎಂದೆಲ್ಲ ಕೇಳಿ ಬರೆದುಕೊಂಡರು. ಇದರಿಂದಲೇ ಬಂತೆಂದು ಒಬ್ಬೊಬ್ಬರ ವಿಷಯದಲ್ಲಿ ಖಚಿತವಾಗಿ ಹೇಳಲಾಗದು, ಆದರೆ ಇಂಥ ಕೆಲಸದವರಲ್ಲಿ ಈ ರೋಗದ ಅಪಾಯ ಹೆಚ್ಚು ಎಂದು ವಿವರಿಸಿದರು.

“ಕೈಗವಸು ಹಾಕ್ಕೊಂಡಿದ್ರ?” ಬಸಗೊಂಡಪ್ಪ ಮೆಲ್ಲಗೆ ಕೇಳಿದ.

“ಅಪಾಯ ಕಡಿಮೆ ಆಗ್ತಿತ್ತು.”

ಹೊರಗೆ ಬೆಂಚಿನ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ. “ನಿನ್ನ ಕೈ ನಿಂತದ್ದು ನಾ ಹ್ವಾದ ವರ್ಷನ ನೋಡಿದ್ದೆ. ಹೇಳಲಿಲ್ಲ.”

ಅವನು ವೈದ್ಯರ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ. “ಹೇಳಿದ್ರ ನಾ ಎಲ್ಲಿ ಕೇಳತಿದ್ನಲೇ,” ಎಂದ. ಅದಕ್ಕೂ ನನಗೆ ಅಸೂಯೆಯಾಯಿತು. ಅಷ್ಟು ಸರಾಗವಾಗಿ ಕ್ಷಮಿಸುವುದು ನನಗೆ ಎಂದೂ ಬಂದಿಲ್ಲ.

ಈಗ ಗುಳಿಗೆಗಳ ಬಲದ ಮೇಲೆ, ಪುಟ್ಟ ಹೆಜ್ಜೆಯಿಡುತ್ತ, ಎಲ್ಲಿ ಎಣ್ಣೆ ಹೊಡೆಯುತ್ತಿದ್ದರೂ ಅಲ್ಲಿಗೆ ಹೋಗಿ ನಿಲ್ಲುತ್ತಾನೆ. ನಡುಗುವ ಕೈಯನ್ನು ಎಲ್ಲರೆದುರು ಚಾಚಿ, “ನೋಡ್ರಲೇ, ನಾ ಶ್ಯಾಣ್ಯಾ ಅಂತ ತಿಳ್ಕೊಂಡಿದ್ದೆ,” ಎನ್ನುತ್ತಾನೆ. ಜನ ಕೇಳುತ್ತಾರೆ, ಮರುದಿನ ಕೈಗವಸು ತರುತ್ತಾರೆ. ಮೂವತ್ತು ವರ್ಷ ನಾನು ಅದನ್ನೇ ತೊಟ್ಟು ಕಣ್ಣೆದುರೇ ಇದ್ದರೂ ಒಬ್ಬನೂ ತಂದಿರಲಿಲ್ಲ.

ಇಂಥವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರಿರುತ್ತಾರೆ, ತಮ್ಮ ಗೆಲುವನ್ನು ಎಷ್ಟು ಜೋರಾಗಿ ಹೇಳಿಕೊಂಡಿದ್ದರೋ ತಮ್ಮ ತಪ್ಪನ್ನೂ ಅಷ್ಟೇ ಜೋರಾಗಿ ಹೇಳಿಕೊಳ್ಳಬಲ್ಲವರು. ಅವರ ಪಕ್ಕದಲ್ಲಿ ಜಾಗರೂಕರಾಗಿ, ಸರಿಯಾಗಿ ಬದುಕಿದ ನಮ್ಮಂಥವರು ಕಾಣಿಸುವುದೇ ಇಲ್ಲ.