ತಟ್ಟೆ ಬೇರೆ, ದಬ್ಬಳ ಒಂದೇ

ಮೈದಾ ಅಂಟು ಕುದಿಯುವಾಗ ಬರುವ ಹುಳಿ ವಾಸನೆ ಎಂದರೆ ಚಿಕ್ಕಂದಿನಲ್ಲಿ ನನಗೆ ಪ್ರಾಣ. ಹೊಸ ರಟ್ಟು ಹಾಕಿಸಿದ ಪುಸ್ತಕವನ್ನು ಮೂಸಿ ನೋಡುತ್ತಲೇ ಶಾಲೆ ತಲುಪುತ್ತಿದ್ದೆ. ನಮ್ಮ ಪಕ್ಕದ ಮನೆಯ ಬೈಂಡರ್‌ಗೆ ಮಾತ್ರ ಈಚೆಗೆ ಆ ವಾಸನೆ ಬಂದರೆ ಓಕರಿಕೆ. ಜೊತೆಗೆ ಮೈತುರಿಕೆ, ಸುಸ್ತು. ಹೆಪಟೈಟಿಸ್ ಬಿ ಎಂದು ವೈದ್ಯರು ಮಾತ್ರೆ ಬರೆದುಕೊಟ್ಟಿದ್ದರು.

ಅಂದಿನಿಂದ ಹೆಂಡತಿ ಅವನ ತಟ್ಟೆ ಬೇರೆ ಮಾಡಿದಳು. ಅವನು ಅಂಗಡಿಯಲ್ಲಿ, ರಟ್ಟಿನ ರಾಶಿಯ ನಡುವೆ, ಒಬ್ಬನೇ ಉಣ್ಣುತ್ತಿದ್ದ.

"ಮಾತ್ರೆ ಬಿಟ್ಟುಬಿಟ್ಟೆ, ದೊಡ್ಡಮ್ಮ," ಎಂದ ಒಂದು ದಿನ. "ಮನೆಯವರಿಗೇ ಬೇಡವಾದ ಮೇಲೆ ಅದನ್ನ ನುಂಗಿ ಯಾರನ್ನ ಉದ್ಧಾರ ಮಾಡ್ಲಿ?"

ಕೂಡಲೇ ಹೋಗಿ ನಮ್ಮ ಬೀದಿಯ ನರ್ಸಮ್ಮನನ್ನು ಅವರ ಅಂಗಡಿಗೆ ಕರೆತಂದೆ.

"ನೀವೇ ಹೇಳಿ ಸಿಸ್ಟರ್," ಎಂದಳು ಹೆಂಡತಿ, ಪುಸ್ತಕ ಹೊಲಿಯುತ್ತಲೇ. "ಇವರು ಬೆರಳು ನೆಕ್ಕಿ ನೆಕ್ಕಿ ಹಾಳೆ ತಿರುವ್ತಾರೆ. ಗಿರಾಕಿಗಳಿಗೆಲ್ಲ ಅಂಟಿದ್ರೆ?"

"ಹಾಳೆಯಿಂದ ಬರಲ್ಲ ತಾಯಿ. ಒಟ್ಟಿಗೆ ಉಂಡ್ರೂ ಬರಲ್ಲ, ಅಪ್ಪಿಕೊಂಡ್ರೂ ಬರಲ್ಲ. ಸೋಂಕಿರೋ ರಕ್ತದಿಂದ, ಗಂಡ ಹೆಂಡತಿ ಸಂಬಂಧದಿಂದ, ಹೆರಿಗೇಲಿ ತಾಯಿಯಿಂದ ಮಗುವಿಗೆ ಬರತ್ತೆ. ಅದಿರಲಿ, ನಿನ್ನ ಕೈಲಿರೋ ಆ ದಬ್ಬಳ ಯಾರದು?"

"ಇಬ್ಬರದ್ದೂ."

"ಕೈಗೆ ಚುಚ್ಚಲ್ವಾ?"

"ಚುಚ್ಚಿಸಿಕೊಳ್ಳದವನು ಎಂಥ ಬೈಂಡರ್?" ಎಂದು ಅವನು ನಕ್ಕ.

ನರ್ಸಮ್ಮ ನಗಲಿಲ್ಲ. "ಚೆನ್ನಾಗಿದೆ! ತಟ್ಟೆ ಬೇರೆ, ರಕ್ತ ಹತ್ತೋ ದಬ್ಬಳ ಒಂದೇ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆಗೆದಿಟ್ಟ ಹಾಗಾಯ್ತು."

ಹೆಂಡತಿ ದಬ್ಬಳವನ್ನು ಮೆಲ್ಲನೆ ಕೆಳಗಿಟ್ಟಳು. "ಹಾಗಾದ್ರೆ ನನಗೂ ಬಂದಿರತ್ತಾ?"

"ಪರೀಕ್ಷೆ ಮಾಡಿಸೋಣ. ಸೋಂಕಿಲ್ಲದಿದ್ರೆ ಲಸಿಕೆ, ಪೂರ್ತಿ ಡೋಸ್. ಅದು ಮುಗಿಯೋ ತನಕ ಕಾಂಡೋಮ್ ಬಳಸಿ, ನಾಚ್ಕೋಬೇಡಿ. ದಬ್ಬಳ, ರೇಜರ್, ಹಲ್ಲುಜ್ಜೋ ಬ್ರಷ್ ಅವರವರದ್ದು ಅವರವರಿಗೆ."

"ಮಾತ್ರೆಯಿಂದ ಪೂರ್ತಿ ವಾಸಿಯಾಗಲ್ವಂತಲ್ಲ?" ಎಂದು ಅವನು ಗೊಣಗಿದ.

"ಪೂರ್ತಿ ಹೋಗೋದು ಅಪರೂಪ, ನಿಜ. ಆದ್ರೆ ಮಾತ್ರೆ ವೈರಸ್ಸನ್ನ ಹದ್ದುಬಸ್ತಿನಲ್ಲಿಟ್ಟು ಲಿವರ್ ಕಾಪಾಡತ್ತೆ. ನಿನ್ನಷ್ಟಕ್ಕೆ ನಿಲ್ಲಿಸಿದ್ರೆ ರೋಗ ಕೆರಳಬಹುದು. ನಾಳೆನೇ ಡಾಕ್ಟರ ಹತ್ರ ನಡಿ. ಓಕರಿಕೆಗೆ ಎಣ್ಣೆ ಕಮ್ಮಿ ಮಾಡಿ ಸ್ವಲ್ಪ ಸ್ವಲ್ಪ ಹಲವು ಸಲ ತಿನ್ನು. ತುರಿಕೆಗೆ ತಣ್ಣೀರ ಬಟ್ಟೆ, ಸಡಿಲ ಅಂಗಿ. ಉಗುರು ಕತ್ತರಿಸ್ಕೋ. ಕುಡಿತ ಬೇಡವೇ ಬೇಡ. ನಾರು ಬೇರು, ನೋವಿನ ಮಾತ್ರೆ ಏನನ್ನೂ ಡಾಕ್ಟರನ್ನ ಕೇಳದೆ ನುಂಗಬೇಡ."

ಮರುದಿನ ಇಬ್ಬರೂ ಹೋದರು. ಅವನ ಮಾತ್ರೆ ಮತ್ತೆ ಶುರುವಾಯಿತು. ಅವಳಿಗೆ ಸೋಂಕಿರಲಿಲ್ಲ, ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡಳು.

ಓದುತ್ತಿರುವ ನೀವೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಸೋಂಕಿದ್ದವರಿಗೆಲ್ಲ ಮಾತ್ರೆ ಬೇಕೆಂದಿಲ್ಲ, ತಪಾಸಣೆ ಮಾತ್ರ ತಪ್ಪಿಸಬೇಡಿ. ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿದರೆ, ಮನಸ್ಸು ಗಲಿಬಿಲಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಗುವಿಗೆ ಹುಟ್ಟಿದ ದಿನವೇ ಲಸಿಕೆ ಹಾಕಿಸಿ. ರೋಗಿಯನ್ನು ದೂರ ಮಾಡಬೇಡಿ. ಒಬ್ಬಂಟಿಯಾದವನು ಔಷಧಿಯನ್ನೂ ಬಿಡುತ್ತಾನೆ.

ಆಸ್ಪತ್ರೆಯಿಂದ ಬಂದ ಮಧ್ಯಾಹ್ನ ಅವನು ಎಂದಿನಂತೆ ಅಂಗಡಿಯತ್ತ ಹೊರಟ. ಅವಳು ತೋಳು ಹಿಡಿದು ಅಡುಗೆಮನೆಯಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ಮನೆಯ ತಟ್ಟೆಗಳಲ್ಲೇ ಒಂದನ್ನು ತೆಗೆದು, ಬಿಸಿ ಊಟ ಬಡಿಸಿ ಅವನ ಕೈಗಿತ್ತಳು.