ಶಂಕರಿಯಕ್ಕನ ಮಾವಿನ ಹಲಗೆ

ಕುಂಜತ್ತೂರಿನ ಲೋಕಯ್ಯಾಚಾರಿಯ ಕೈಯಲ್ಲಿ ಕಸುಬಿತ್ತು, ಬಾಯಲ್ಲಿ ಜಂಬವೂ ಇತ್ತು. ನಬೀಸುಮ್ಮನ ಅಂಗಳಕ್ಕೆ ಅವನು ಮಾಡಿಕೊಟ್ಟದ್ದನ್ನು ನೋಡಿದರೆ ಆ ಜಂಬವನ್ನು ಯಾರಾದರೂ ಕ್ಷಮಿಸಬೇಕು. ಎದುರುಬದುರು ಎರಡು ಬೆಂಚು, ನಡುವೆ ಮರಳಿನ ಪೆಟ್ಟಿಗೆ. ಮುಚ್ಚಳ ತೆಗೆದರೆ ಮಕ್ಕಳಿಗೆ ಮರಳಾಟ, ಹಾಕಿದರೆ ಅದೇ ಮೇಜು. ಎರಡು ಬೆಂಚನ್ನೂ ಒತ್ತಿಗೆ ಜೋಡಿಸಿದರೆ ಸಂಜೆ ನಬೀಸುಮ್ಮ ಕಾಲು ಚಾಚುವ ಮಂಚ. ದುಬೈಯಲ್ಲಿದ್ದ ಮಗ ಫಸಲ್ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ್ದ, ಅಷ್ಟೆ. ಉಳಿದದ್ದೆಲ್ಲ ಲೋಕಯ್ಯನ ತಲೆ.

ಬಂದವರೆಲ್ಲ ಹೊಗಳಿದರು. ಹೊಗಳಿದಾಗಲೆಲ್ಲ ಲೋಕಯ್ಯ ನೆಲ ನೋಡುತ್ತಿದ್ದ. ಆಚಾರಿಗೆ ಈಗೀಗ ವಿನಯ ಬಂದಿದೆ ಎಂದು ಜನ ತಿಳಿದರು. ವಿನಯವೂ ಅಲ್ಲ, ಮಣ್ಣೂ ಅಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಸಂಗತಿ ಇಷ್ಟು. ಹಿಂದಿನ ವರ್ಷ ಅದೇ ಊರಿನ ಶಂಕರಿಯಕ್ಕ ತೀರಿಕೊಂಡಾಗ ಅವರ ಹಿತ್ತಿಲ ಮಾವನ್ನು ಚಿತೆಗೆಂದು ಕಡಿದಿದ್ದರು. ಕೊಂಬೆಗಳೆಲ್ಲ ಸುಡುವುದಕ್ಕೆ ಹೋದವು, ಬುಡದ ದಿಮ್ಮಿ ಉಳಿಯಿತು. ಚಿತೆಗೆ ಕಡಿದ ಮರದ ಉಳಿಕೆಯನ್ನು ಯಾರೂ ಮನೆಯೊಳಗೆ ತರುವುದಿಲ್ಲ, ಅದರಲ್ಲಿ ಕೂರುವ ಮಾತಂತೂ ಇಲ್ಲವೇ ಇಲ್ಲ. "ಎಲ್ಲಿಗಾದ್ರೂ ಸಾಗಿಸಿ ಮಾರಾಯ್ರೆ," ಎಂದಿದ್ದ ಶಂಕರಿಯಕ್ಕನ ಮಗ ಉದಯಶಂಕರ. ಕಾಂಕ್ರೀಟಿನ ಕೆಲಸಕ್ಕೆ ಹಲಗೆಯಾದೀತೆಂದು ಲೋಕಯ್ಯ ಮಿಲ್ಲಿನಲ್ಲಿ ಕೊಯ್ಯಿಸಿ ತಂದ. ತಂದರೂ ಮನೆಯ ಹತ್ತಿರ ಇಡಲಿಲ್ಲ, ಬೇಲಿಯಾಚೆ ಶೀಟು ಮುಚ್ಚಿ ಇಟ್ಟ.

ಫಸಲ್ ಕೇಳಿದ್ದು ಹಲಸು. ಒಣಗಿದ ಹಲಸು ಎಲ್ಲಿಯೂ ಸಿಗಲಿಲ್ಲ, ಹಬ್ಬಕ್ಕೆ ಅವನು ಊರಿಗೆ ಬರುವ ದಿನ ಹತ್ತಿರವಾಗಿತ್ತು. ಮಾವು ಆದೀತಾ ಎಂದು ಲೋಕಯ್ಯ ಫೋನಿನಲ್ಲಿ ಕೇಳಿದ. "ನೀವು ನೋಡಿ ಮಾಡಿ ಆಚಾರಿಗಳೇ," ಎಂದ ಫಸಲ್. ಯಾವ ಮಾವು ಎಂದು ಅವನು ಕೇಳಲಿಲ್ಲ, ಇವನು ಹೇಳಲಿಲ್ಲ. ಅವರಲ್ಲಿ ಚಿತೆಯೇ ಇಲ್ಲ, ಅವರಿಗೆ ಇದು ಬರೀ ಮರ ಎಂದು ಲೋಕಯ್ಯ ತನಗೆ ತಾನೇ ನ್ಯಾಯ ಹೇಳಿಕೊಂಡ. ಅಷ್ಟು ಸರಿಯಾದ ನ್ಯಾಯವಾಗಿದ್ದರೆ ಬಾಯಿಬಿಟ್ಟೇ ಹೇಳಬಹುದಿತ್ತಲ್ಲ?

ಮಳೆಗೆ ಮುಚ್ಚಳ ಉಬ್ಬಿ ಕಚ್ಚಿಕೊಂಡಿದೆ ಎಂದು ಒಂದು ಶನಿವಾರ ನಬೀಸುಮ್ಮ ಹೇಳಿಕಳಿಸಿದರು. ಲೋಕಯ್ಯನ ಮೊಮ್ಮಗಳು ಮೋಕ್ಷಿತಾ ಹಟ ಹಿಡಿದು ಜೊತೆಗೆ ಬಂದಳು. ಫಸಲ್‌ನ ಮಗಳು ಸಫ್ನಾ ಅವಳದೇ ಕ್ಲಾಸು. ಲೋಕಯ್ಯ ಮುಚ್ಚಳದ ಅಂಚು ಕೀಸಿ, ಕೂರಿಸಿ, ಹತ್ಯಾರು ಚೀಲಕ್ಕೆ ತುಂಬುತ್ತಿದ್ದ. ನಬೀಸುಮ್ಮ ಅಕ್ಕಿ, ಬೆಲ್ಲದ ತಿಂಡಿ ಕಲ್ತಪ್ಪ ಕೊಯ್ದು ತಂದಿಟ್ಟರು. ಸಫ್ನಾ, ಅವಳ ತಮ್ಮ ತೌಫೀಕ್ ಒಂದು ಬೆಂಚಿನಲ್ಲಿ ಕೂತರು. ಲೋಕಯ್ಯ ತಿರುಗಿ ನೋಡಿದರೆ ಎದುರಿನ ಬೆಂಚಿನಲ್ಲಿ ಮೋಕ್ಷಿತಾ.

"ಏಳು! ಅದ್ರಲ್ಲಿ ಕೂರ್ಬೇಡ!"

ಅಷ್ಟು ದೊಡ್ಡ ಸ್ವರ ತನ್ನದೇ ಎಂದು ಅವನಿಗೆ ಗೊತ್ತಾಗುವ ಮೊದಲೇ ಓಡಿಹೋಗಿ ಮಗುವಿನ ರಟ್ಟೆ ಹಿಡಿದು ಎಳೆದಿದ್ದ. ಕಲ್ತಪ್ಪದ ಚೂರು ಅಂಗಳಕ್ಕೆ ಬಿತ್ತು.

"ಎಂತ ಆಚಾರಿಗಳೇ? ಹುಳ ಉಂಟಾ?" ನಬೀಸುಮ್ಮ ಗಾಬರಿಯಾಗಿ ತೌಫೀಕನನ್ನು ಎತ್ತಿಕೊಂಡರು.

ಹೌದು, ಹುಳ ಎನ್ನಬಹುದಿತ್ತು. ಮೊಳೆ ಎದ್ದಿದೆ ಎನ್ನಬಹುದಿತ್ತು. ಸುಳ್ಳು ನಾಲಗೆಯ ತುದಿಯವರೆಗೂ ಬಂತು. ಆದರೆ ಸಫ್ನಾ ಏನೂ ಅರ್ಥವಾಗದೆ ಅದೇ ಮರದ ಇನ್ನೊಂದು ಬೆಂಚಿನಲ್ಲಿ ಕೂತು ಅವನನ್ನೇ ನೋಡುತ್ತಿದ್ದಳು. ಲೋಕಯ್ಯ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಅದು ಅಂಥ ಉಪಕಾರ ಯಾರಿಗೂ ಮಾಡುವುದಿಲ್ಲ.

ನಬೀಸುಮ್ಮ ತೌಫೀಕನನ್ನು ಮೊದಲಿನ ಜಾಗದಲ್ಲೇ ಕೂರಿಸಿ, ಮೇಜಿನ ಹಲಗೆಯ ಮೇಲೆ ಕೈ ಇಟ್ಟರು.

"ಶಂಕರಿಯ ಮರವಾ ಇದು? ಉಪ್ಪಿಗೆ ಹಾಕ್ಲಿಕ್ಕೆ ವರ್ಷ ವರ್ಷ ಇದ್ರದ್ದೇ ಮಾವಿನಕಾಯಿ ತಂದು ಕೊಡ್ತಿದ್ಲು. ಹೇಳಿದ್ರೆ ನಾನೇ ಕೇಳಿ ತಕ್ಕೊಳ್ತಿದ್ದೆ."

ಲೋಕಯ್ಯನಿಗೆ ಉಸಿರು ಬಂದಂತಾಯಿತು. "ಬೇರೆ ಮಾಡಿಕೊಡ್ತೇನೆ ನಬೀಸುಮ್ಮ, ಹಲಸಿನದ್ದೇ..."

"ಬೇಡ. ಮರಕ್ಕೆ ಎಂತ ದೋಷ?" ಎಂದರು ಅವರು. ಸ್ವರ ಏರಲಿಲ್ಲ. "ನೀವು ಶಂಕರಿಯ ಮರ ಅಂತ ಕೊಟ್ಟದ್ದಲ್ಲ. ನಿಮ್ಮ ಮಗುವಿಗೆ ಆಗದ್ದು ನಮ್ಮ ಮಕ್ಕಳಿಗೆ ಆಗ್ತದೆ ಅಂತ ಕೊಟ್ಟದ್ದು. ಅಲ್ವಾ?"

ಲೋಕಯ್ಯ ಮತ್ತೆ ನೆಲ ನೋಡಿದ. ನಬೀಸುಮ್ಮ ಕಲ್ತಪ್ಪದ ಇನ್ನೊಂದು ಚೂರನ್ನು ತಟ್ಟೆಗೆ ಹಾಕಿ ಮೋಕ್ಷಿತಾಳ ಜಾಗದಲ್ಲಿ ಇಟ್ಟರು.

"ಅಜ್ಜ, ನಾನು ಕೂತ್ಕೊಳ್ಲಾ?"

ಸಫ್ನಾ ಪಕ್ಕಕ್ಕೆ ಸರಿದು ಅವಳಿಗೆ ತನ್ನ ಬೆಂಚಿನಲ್ಲೇ ಜಾಗ ಮಾಡಿದಳು.

"ಕೂತ್ಕೋ ಮಗಾ," ಎಂದ ಲೋಕಯ್ಯ. ಮನಸ್ಸಿನಿಂದಲೇ ಹೇಳಿದ, ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಆಗಿನಿಂದ ಅವಳ ರಟ್ಟೆ ಹಿಡಿದೇ ಇದ್ದ ಕೈ ಸಡಿಲವಾಗಲಿಲ್ಲ. ಮೋಕ್ಷಿತಾ ತನ್ನ ಪುಟ್ಟ ಕೈಯಿಂದ ಅಜ್ಜನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು. ಕೊನೆಯ ಬೆರಳು ಬಿಡುವವರೆಗೂ ನಬೀಸುಮ್ಮ ಅದನ್ನು ನೋಡುತ್ತ ನಿಂತಿದ್ದರು.